ಅಂಗಿ ತೆಗೆದು ಒಳಗೆ ಬರಬೇಕು

ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ನಮ್ಮ ಮನೆದೇವರ ಗುಡಿ ಇದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಜಗಳಕ್ಕೆ ಬರುತ್ತಾರೆ. ಜಗಳಕ್ಕೆ ನಾನು ಹಿಂಜರಿಯುವವಳಲ್ಲ, ರಾಯಚೂರಿನ ನನ್ನ ಶಾಲೆಯಲ್ಲಿ ಮಕ್ಕಳೂ ಬಲ್ಲರು, ಮುಖ್ಯೋಪಾಧ್ಯಾಯರೂ ಬಲ್ಲರು. ಈಗ ಮಾತ್ರ ಅದಕ್ಕೆ ಬೇಕಾದ ತ್ರಾಣ ಉಳಿದಿಲ್ಲ.

ಗುಡಿ ಬಹಳ ಹಳೆಯದು. ಕಲ್ಲಿನ ಗೋಡೆ, ಕಲ್ಲಿನ ಚಾವಣಿ, ಎಷ್ಟೇ ಗಿಡ್ಡವರಾದರೂ ತಲೆ ಬಾಗಿಸದೆ ದಾಟಲಾಗದ ತಗ್ಗು ಬಾಗಿಲು. ಅಲ್ಲಿಯ ಪದ್ಧತಿಗಳನ್ನು ಅಪ್ಪ ನನಗೆ ಕೈ ಹಿಡಿದು ಕಲಿಸಿದ. ಹೊಳೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಬರಬೇಕು. ಗಂಡಸರು ಅಂಗಿ, ಬನಿಯನ್, ಟೋಪಿ ಎಲ್ಲವನ್ನೂ ಹೊರಗಿಟ್ಟು ಬರಿಮೈಯಲ್ಲಿ ಹೋಗಬೇಕು. ತೊಗಲಿನ ವಸ್ತು ಏನೂ ಮೈಮೇಲೆ ಇರಬಾರದು. ಹೊಸ್ತಿಲನ್ನು ತುಳಿಯಬಾರದು, ಬಗ್ಗಿ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡು ಬಲಗಾಲು ಒಳಗಿಡಬೇಕು. ನಂದಿಗೂ ಲಿಂಗಕ್ಕೂ ನಡುವೆ ಹಾಯಬಾರದು. ದರ್ಶನ ಮುಗಿದ ಕೂಡಲೇ ಹೊರಡಬಾರದು, ಹೊರಗಿನ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಏಳಬೇಕು. ಯಾಕೆ ಎಂದು ಕೇಳಿದರೆ ಅಪ್ಪ, “ಮಂದಿ ಮನಿಗೆ ಹೋದ್ರ ಕುಂದ್ರದ ಬರ್ತೀಯೇನ ಅವ್ವಿ? ಇದೂ ಹಂಗ” ಎನ್ನುತ್ತಿದ್ದ. ಅವ್ವಿ ಎಂದರೆ ನಾನು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಹಾಗೆ ಕರೆಯುತ್ತಾರೆ. ನನ್ನ ತಲೆಯಲ್ಲಿ ಬಿಳಿಕೂದಲು ಬಂದ ಮೇಲೂ ಅವನಿಗೆ ನಾನು ಅವ್ವಿಯೇ ಆಗಿದ್ದೆ.

ಚಿಕ್ಕಂದಿನಲ್ಲಿ ನಾನು ಅಪ್ಪನ ಕೈ ಹಿಡಿದು ಗಂಡಸರ ಪಾಳಿಯಲ್ಲೇ ನಿಲ್ಲುತ್ತಿದ್ದೆ. ಆ ಗುಡಿಯಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ; ಸಣ್ಣ ಮಕ್ಕಳು ಯಾರ ಜೊತೆಗಾದರೂ ಹೋಗಬಹುದು. ಒಳಗೆ ಗಂಡಸರು ಮೈತುಂಬ ವಿಭೂತಿ ಬಳಿದುಕೊಳ್ಳುತ್ತಾರೆ; ಅಪ್ಪ ತನಗಿಂತ ಮೊದಲು ನನ್ನ ಹಣೆಗೆ ಹಚ್ಚುತ್ತಿದ್ದ. ಗದ್ದ ಹಿಡಿದು ಮುಖ ಮೇಲೆತ್ತಿ, ಪುಡಿ ಕಣ್ಣಿಗೆ ಬೀಳದಂತೆ ಎಡಗೈಯನ್ನು ನನ್ನ ಹುಬ್ಬಿನ ಕೆಳಗೆ ಅಡ್ಡ ಹಿಡಿಯುತ್ತಿದ್ದ. ಆ ಅಂಗೈಗೆ ಭತ್ತದ ಹೊಟ್ಟಿನ ವಾಸನೆ ಇರುತ್ತಿತ್ತು. ಅಣ್ಣನಿಗೂ ಸಿಗದ ಮರ್ಯಾದೆ ಅದು, ಅದಕ್ಕೇ ನನಗೆ ಹೆಚ್ಚು ಇಷ್ಟ. ಒಂದು ವರ್ಷ ಬಾಗಿಲಲ್ಲಿ ನಿಂತವರು, “ಹುಡುಗಿ ಎತ್ತರಾಗ್ಯಾಳ, ಹೆಣ್ಮಕ್ಕಳ ಪಾಳಿಗೆ ಕಳಸ್ರಿ” ಎಂದರು. ಅವ್ವ ಆ ಸಲ ಬಂದಿರಲಿಲ್ಲ. ಗುರುತಿಲ್ಲದ ಹೆಂಗಸರ ಒದ್ದೆ ಸೀರೆಗಳ ನಡುವೆ ಸಿಕ್ಕು ನಾನು ಅಳುತ್ತಲೇ ದರ್ಶನ ಮಾಡಿದೆ. ಹೊರಗೆ ಬಂದು ನೋಡಿದರೆ ಅಪ್ಪ ಕಟ್ಟೆಯ ಮೇಲೆ ಕೂತಿರಲಿಲ್ಲ. ಹೆಂಗಸರು ಹೊರಬರುವ ಬಾಗಿಲ ಮುಂದೆ ನಿಂತು, ಬಂದ ಬಂದ ಹುಡುಗಿಯರ ಮುಖವನ್ನೆಲ್ಲ ನೋಡುತ್ತಿದ್ದ.

ಅಪ್ಪನದು ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಭತ್ತದ ಚೀಲ ತೂಗಿಸುವ ಕೆಲಸ. ಅವ್ವ ತೀರಿಕೊಂಡ ಮೇಲೆ ಅವನನ್ನು ರಾಯಚೂರಿಗೆ ಕರೆತಂದೆ. ಮನೆಯಲ್ಲಿ ನಾವಿಬ್ಬರೇ. ಬಂದ ಹೊಸತರಲ್ಲಿ ಕನ್ನಡಕ ಎಲ್ಲಿಟ್ಟೆ ಎಂದು ಮರೆಯುತ್ತಿದ್ದ. ಆಮೇಲೆ ಉಂಡದ್ದು ಮರೆತ. ಆಮೇಲೆ ಅವ್ವ ಸತ್ತದ್ದು ಮರೆತು, “ನಿಮ್ಮವ್ವ ಇನ್ನೂ ಸಂತಿಯಿಂದ ಬಂದಿಲ್ಲೇನ” ಎಂದು ಕೇಳತೊಡಗಿದ. ಡಾಕ್ಟರು ಇದು ಇಳಿಯುವ ರೋಗವಲ್ಲ, ಏರುವ ರೋಗ ಎಂದರು. ಆದರೆ ಪದ್ಧತಿಗಳು ಮಾತ್ರ ಅವನ ಮೈಯಲ್ಲಿ ಹಾಗೇ ಉಳಿದಿದ್ದವು. ಬಚ್ಚಲಿನ ಹೊಸ್ತಿಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಹೋಗುತ್ತಿದ್ದ. ನಾನು ನಗುತ್ತಿದ್ದೆ. ನಗುವುದಕ್ಕೆ ಅಷ್ಟಾದರೂ ಇತ್ತಲ್ಲ.

ಒಂದೆರಡು ಸಲ ಅವನು ಬಾಗಿಲು ತೆರೆದುಕೊಂಡು ಹೊರಟುಹೋಗಿದ್ದ. ಓಣಿಯವರು ಹಿಡಿದು ತಂದಿದ್ದರು. ಆವಾಗಿನಿಂದ ನಾನು ಅವನ ಪ್ರತಿ ಅಂಗಿಯ ಕೊರಳಪಟ್ಟಿಯ ಒಳಗೆ, ಪ್ರತಿ ಬನಿಯನ್ನಿನ ಬೆನ್ನ ಮೇಲೆ, ಗಾಂಧಿ ಟೋಪಿಯ ಒಳಮಡಿಕೆಯಲ್ಲಿ ಕೆಂಪು ದಾರದಿಂದ ನನ್ನ ಫೋನ್ ನಂಬರು ಹೊಲಿದಿದ್ದೆ. ಅಪ್ಪ ಎಲ್ಲಿ ಹೋದರೂ ನಂಬರು ಜೊತೆಗೆ ಹೋಗುತ್ತದೆ ಎಂಬ ಧೈರ್ಯ ನನಗೆ. ಹೊಲಿಗೆ ನೋಡಿ ಪಕ್ಕದ ಮನೆಯವರು ಮೆಚ್ಚಿಕೊಂಡಾಗ ಬೀಗಿದ್ದೂ ಉಂಟು.

ಆ ಶ್ರಾವಣ ಸೋಮವಾರ ಅಪ್ಪನೇ ಬೆಳಗಾಗುವ ಮೊದಲು ಎದ್ದು, “ಗುಡಿಗೆ ಹೋಗೂಣು” ಎಂದ. ಅವನ ಬಾಯಿಂದ ಇಂಥದು ಬೇಕು ಎಂಬ ಮಾತು ಬಂದು ಎಷ್ಟೋ ದಿನವಾಗಿತ್ತು. ನಾನು ರಜೆ ಹಾಕಿದೆ. ದೇವದುರ್ಗದವರೆಗೆ ಬಸ್ಸು, ಅಲ್ಲಿಂದ ಗುಡಿಗೆ ಟಂಟಂ ಆಟೋ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು, ಆದ್ದರಿಂದ ಮೆಟ್ಟಿಲ ಮೇಲೇ ಕೂರಿಸಿ ತಂಬಿಗೆಯಿಂದ ಅವನ ತಲೆಯ ಮೇಲೆ ನೀರು ಹಾಕಿದೆ. ಚಳಿಗೆ ನಡುಗುತ್ತಲೇ ನಕ್ಕ. ಆಮೇಲೆ ಒಣ ಬನಿಯನ್, ಅಂಗಿ ಹಾಕಿ, ಟೋಪಿ ಇಟ್ಟು ಬಾಗಿಲ ತನಕ ಕರೆದುಕೊಂಡು ಬಂದೆ. ಚಪ್ಪಲಿ ಬಿಡಿಸಿ, ಚಪ್ಪಲಿ ಕಾಯುವ ಮುದುಕಿಯ ಹತ್ತಿರ ಇಟ್ಟೆ.

ಬಾಗಿಲ ಪಕ್ಕದಲ್ಲಿ ಹೊಸ ಬೋರ್ಡು. ಪುರುಷರು ಅಂಗಿ, ಬನಿಯನ್ ತೆಗೆದು ಒಳಗೆ ಬರಬೇಕು. ಮೊಬೈಲ್ ಹೊರಗಿಡಬೇಕು. ಬೋರ್ಡಿನ ಕೆಳಗೆ ಕೊರಳಿಗೆ ಕೇಸರಿ ಶಲ್ಯ ಸುತ್ತಿಕೊಂಡ ಸ್ವಯಂಸೇವಕ.

“ಇವ್ರಿಗೆ ಮರವು ಅದರೀ. ಒಬ್ಬರನ್ನ ಬಿಡಾಕ ಬರಂಗಿಲ್ಲ. ನಮ್ಮಿಬ್ಬರನ್ನ ಒಂದ ಪಾಳ್ಯಾಗ ಬಿಡ್ರಿ,” ಎಂದೆ.

“ಗಂಡಸರ ಪಾಳ್ಯಾಗ ಹೆಣ್ಮಕ್ಕಳನ್ನ ಬಿಡಾಕ ಬರಂಗಿಲ್ಲರೀ ಅಕ್ಕಾರ.”

“ಹಂಗಾರ ಬನಿಯನ್ನರ ಇರಲಿ. ಅದರಾಗ ನನ್ನ ನಂಬರ್ ಅದ.”

“ಪದ್ಧತಿ ಎಲ್ಲಾರಿಗೂ ಒಂದರೀ. ನಾವು ನೋಡ್ಕೋತೀವಿ, ಹೋಗ್ರಿ ನೀವು.”

ನಾನು ಇನ್ನೂ ವಾದ ಮಾಡುತ್ತಿದ್ದೆ. ಅಷ್ಟರಲ್ಲಿ ಅಪ್ಪ ತಾನೇ ಗುಂಡಿ ಬಿಚ್ಚತೊಡಗಿದ್ದ. ಮನೆಯಲ್ಲಿ ಅಂಗಿಯ ಗುಂಡಿ ಬಿಚ್ಚಲು ಬಾರದೆ ಜಗ್ಗಿ ಹರಿಯುತ್ತಿದ್ದವನು ಅಲ್ಲಿ ಒಂದೊಂದಾಗಿ ಬಿಚ್ಚಿ, ಅಂಗಿ ಮಡಚಿ, ಅದರ ಮೇಲೆ ಬನಿಯನ್, ಅದರ ಮೇಲೆ ಟೋಪಿ ಇಟ್ಟು ನನ್ನ ಕೈಗೆ ಕೊಟ್ಟ. ಬಗ್ಗಿ ಹೊಸ್ತಿಲು ಮುಟ್ಟಿದ. ಪದ್ಧತಿ ಅವನನ್ನು ಕಾಯುತ್ತದೆ ಎಂದು ನಾನು ಆ ಗಳಿಗೆಯಲ್ಲಿ ನಂಬಿದೆ. “ಯಪ್ಪಾ, ದರ್ಶನ ಆದಮ್ಯಾಲ ಕಟ್ಟಿ ಮ್ಯಾಲ ಕುಂತಿರು. ನಾ ಬರ್ತೀನಿ,” ಎಂದು ಗಟ್ಟಿಯಾಗಿ ಹೇಳಿದೆ. ಒದ್ದೆ ಧೋತರ, ಕೊರಳಲ್ಲಿ ಲಿಂಗದ ಕರಡಿಗೆ, ಎಲುಬು ಕಾಣುವ ಬೆನ್ನು; ಅವನು ಹಾಗೆ ತಲೆ ಬಾಗಿಸಿ ಕತ್ತಲೊಳಗೆ ಹೋದ.

ಗಂಡಸರು ಹೊರಬರುವುದು ತೆಂಕಣ ಬಾಗಿಲಿಂದ, ಹೆಂಗಸರು ಬಡಗಣ ಬಾಗಿಲಿಂದ. ಹೆಂಗಸರ ಸಾಲು ಉದ್ದವಿತ್ತು. ನಾನು ಹೊರಬಂದು ಓಡುತ್ತಾ ಸುತ್ತಿ ಬಂದರೆ ಕಟ್ಟೆಯ ಮೇಲೆ ಅಪ್ಪ ಇರಲಿಲ್ಲ. ಕೇಸರಿ ಶಲ್ಯದವನನ್ನು ಕೇಳಿದರೆ, “ಈಗ ಇಲ್ಲೇ ಇದ್ರಲ್ಲರೀ” ಎಂದ. ಈಗ ಇಲ್ಲೇ ಇದ್ದರು ಎಂಬ ಮಾತಿಗಿಂತ ಕೆಟ್ಟ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ಚಪ್ಪಲಿ ಕಾಯುವ ಮುದುಕಿಯ ಹತ್ತಿರ ಓಡಿದೆ. ಅಪ್ಪನ ಚಪ್ಪಲಿ ಇಟ್ಟಲ್ಲೇ ಇದ್ದವು.

“ಬರಿಮೈಲೆ ಒಬ್ಬ ಅಜ್ಜಾರು ಬಂದಿದ್ರವ್ವಾ. ಸಣ್ಣ ಹುಡುಗಿ ಬಂದಳೇನು ಅಂತ ಕೇಳಿದ್ರು. ಇಲ್ಲರೀ ಅಂದೆ. ಆ ಹಾದಿ ಹಿಡದು ಹೋದ್ರು,” ಎಂದು ಊರಿನ ರಸ್ತೆಯ ಕಡೆ ಕೈ ತೋರಿಸಿದಳು.

“ನಮ್ಮಪ್ಪನ ಜೋಡಿ ಸಣ್ಣ ಹುಡುಗಿ ಇದ್ದಿಲ್ಲಬೇ. ಅವ್ರು ಬ್ಯಾರೆ ಯಾರೋ,” ಎಂದೆ. ಎಂದು ಹೊಳೆಯ ಕಡೆ ಓಡಿದೆ.

ಹೊಳೆಯ ಮೇಲೆ ನನಗೆ ಅನುಮಾನ ಬರಲು ಕಾರಣವಿತ್ತು. ಚಪ್ಪಲಿ ಬಿಟ್ಟು ಮುದುಕನೊಬ್ಬ ಎಲ್ಲಿ ಹೋಗುತ್ತಾನೆ? ಮೆಟ್ಟಿಲ ಮೇಲೆ ನಿಂತು ಆ ಕೆಂಪು ನೀರು ನೋಡಿ ಅಂಬಿಗರನ್ನು ಕೂಗಿ ಕರೆದೆ. ಅಂಬಿಗರು ಇಬ್ಬರು ತೆಪ್ಪ ಹಾಕಿ ದಂಡೆಗುಂಟ ಹೋಗಿ ಬಂದರು. ಬಂದು ಏನೂ ಇಲ್ಲ ಎಂದು ಕೈ ಆಡಿಸಿದಾಗ ನಾನು ಖುಷಿಪಡಬೇಕೋ ಅಳಬೇಕೋ ತಿಳಿಯದೆ ಅವರ ಮೇಲೇ ಸಿಟ್ಟಾದೆ. ಇನ್ನೂ ಕೆಳಗೆ ಹೋಗಿ ನೋಡಿ ಎಂದು ಕೂಗಾಡಿದೆ. ಹೀಗೆ ಮಧ್ಯಾಹ್ನ ಕಳೆಯಿತು. ಮುದುಕಿ ತೋರಿಸಿದ ರಸ್ತೆಯಲ್ಲಿ ಅಪ್ಪ ಅಷ್ಟು ಹೊತ್ತೂ ನಡೆಯುತ್ತಿದ್ದ.

ಗುಡಿಯ ಮೈಕಿನಲ್ಲಿ ಕೂಗಿಸಲು ಹೋದೆ. ಮೈಕಿನವನು, “ಗುರುತು ಹೇಳ್ರಿ. ಏನು ಬಟ್ಟಿ ಹಾಕ್ಯಾರ?” ಎಂದ. ಬಟ್ಟೆಯೆಲ್ಲ ನನ್ನ ಚೀಲದಲ್ಲಿತ್ತು. ಬರಿಮೈ, ಒದ್ದೆ ಧೋತರ, ಮೈತುಂಬ ವಿಭೂತಿ ಎಂದೆ. ಅವನು ನನ್ನನ್ನೂ ಅಂಗಳವನ್ನೂ ನೋಡಿದ. ಅಂಗಳದ ತುಂಬ ಬರಿಮೈಯ, ಒದ್ದೆ ಧೋತರದ, ವಿಭೂತಿ ಬಳಿದುಕೊಂಡ ಮುದುಕರೇ ಇದ್ದರು.

ದೇವದುರ್ಗದಲ್ಲಿ ಪೊಲೀಸರಿಗೆ ದೂರು ಕೊಟ್ಟೆ. ಫೋಟೋ ಕೇಳಿದರು. ಫೋನಿನಲ್ಲಿದ್ದದ್ದು ಮನೆಯ ಮುಂದೆ ತೆಗೆದ ಫೋಟೋ. ಬಿಳಿ ಅಂಗಿ, ಟೋಪಿ, ದಪ್ಪ ಕನ್ನಡಕ. ಹೊಸಪೇಟೆಯಿಂದ ಅಣ್ಣ ಫೋನು ಮಾಡಿ, “ಒಬ್ಬನ್ನ ಯಾಕ ಬಿಟ್ಟಿ?” ಎಂದ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದು ಹೋಗುವವನಿಗೆ ಕೇಳುವ ಹಕ್ಕು ಬಹಳ. ಫೋನು ಕಟ್ ಮಾಡಿದೆ. ಆ ರಾತ್ರಿ ಬಸ್ ನಿಲ್ದಾಣದಲ್ಲಿ ಅಪ್ಪನ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕೊರಳಪಟ್ಟಿ ತಿರುವಿ ನನ್ನ ನಂಬರನ್ನೇ ಮತ್ತೆ ಮತ್ತೆ ಓದಿದೆ. ನಂಬರು ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಒಬ್ಬ ಆಟೋದವ ಸಿಕ್ಕ. ಟಂಟಂ ನಿಲ್ಲುವಲ್ಲಿ ನನ್ನ ಪಾಡು ನೋಡಿ ತಾನಾಗಿಯೇ ಬಂದವನು, ನನ್ನ ವಯಸ್ಸಿನವನೇ. “ಫಿಕರ್ ಮಾಡಬ್ಯಾಡ್ರಿ ಮೇಡಂ. ಹಾದಿಗುಂಟ ಕೇಳ್ಕೋತ ಹೋಗೂಣು. ಮನಷಾ ಗಾಳ್ಯಾಗ ಹಾರಿ ಹೋಗಂಗಿಲ್ಲ,” ಎಂದ. ಊರಿಂದೂರಿಗೆ ಹೋದೆವು. ಹತ್ತಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು, ಪಂಕ್ಚರ್ ಅಂಗಡಿಯವರು, ಕುರಿ ಕಾಯುವವರು, ಎಲ್ಲರಿಗೂ ಫೋಟೋ ತೋರಿಸಿದೆ. ಎಲ್ಲರೂ ಕನಿಕರದಿಂದ ನೋಡಿದರು. ಎಲ್ಲರೂ ಇಲ್ಲರೀ ಎಂದರು. ದೇವರನ್ನು ಬೇಡಿಕೊಳ್ಳೋಣವೆಂದರೆ ಬಾಯಿಗೆ ಬೈಗುಳವೇ ಬರುತ್ತಿತ್ತು. ನನ್ನ ಅಪ್ಪನನ್ನು ಬಿಚ್ಚಿಸಿ ಒಳಗೆ ಕರೆದುಕೊಂಡೆಯಲ್ಲ, ಹಾಗೇ ಹೊರಗೆ ಕಳಿಸಿದೆಯಲ್ಲ ಎಂದು ಆಟೋದಲ್ಲಿ ಕೂತು ಮನೆದೇವರನ್ನೇ ಬೈದೆ.

ಅರಕೇರಾದಲ್ಲಿ ಒಂದು ಚಹಾದ ಅಂಗಡಿ. ಅಂಗಡಿಯಾಕೆ ಫೋಟೋ ನೋಡಿ ತಲೆ ಅಲ್ಲಾಡಿಸಿದಳು. ಚಹಾ ಕೊಟ್ಟು, ನನಗೆ ಸಮಾಧಾನವಾಗಲೆಂದು, “ನಿನ್ನೆ ಬಂದಿದ್ರ ಒಬ್ರು ಸ್ವಾಮಿಗಳು ಇದ್ರವ್ವಾ. ಅವ್ರ ಕಾಲಿಗೆ ಬಿದ್ದಿದ್ರ ನಿಮ್ಮಪ್ಪ ಸಿಗತಿದ್ರು,” ಎಂದಳು.

“ಯಾವ ಸ್ವಾಮಿಗಳು?”

“ಯಾವ ಮಠದವರೋ ಏನೋ. ಮೈತುಂಬ ಇಬತ್ತಿ, ಕಾಲಾಗ ಚಪ್ಪಲಿ ಇಲ್ಲ. ಮಾತಿಲ್ಲ, ಕತಿ ಇಲ್ಲ. ಕೊಟ್ರ ಉಣ್ತಾರ, ಇಲ್ಲಾಂದ್ರ ಇಲ್ಲ. ಹೆಣ್ಣ ಹುಡುಗರು ಕಂಡ್ರ ಭಾಳ ಪ್ರೀತಿ. ಒಂದೊಂದು ಹುಡುಗಿ ಗದ್ದಾ ಹಿಡದು, ಮಾರಿ ನೋಡಿ ನೋಡಿ ಇಬತ್ತಿ ಹಚ್ಚಿದ್ರು. ನಮ್ಮ ಮೊಮ್ಮಗಳಿಗೂ ಹಚ್ಚಿದ್ರು, ಕಣ್ಣಾಗ ಬೀಳಬಾರ್ದು ಅಂತ ಹಿಂಗ ಕೈ ಅಡ್ಡ ಹಿಡದು.”

ಅವಳು ಹುಬ್ಬಿನ ಕೆಳಗೆ ಅಂಗೈ ಹಿಡಿದು ತೋರಿಸಿದಳು. ನನ್ನ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ಫೋನು ತೆಗೆದು, ಫೋಟೋದಲ್ಲಿ ಅಂಗಿಯನ್ನೂ ಟೋಪಿಯನ್ನೂ ಬೆರಳಿನಿಂದ ಮುಚ್ಚಿ, ಬರೀ ಮುಖವನ್ನು ಅವಳ ಮುಂದೆ ಹಿಡಿದೆ. ಅವಳು ಬಹಳ ಹೊತ್ತು ನೋಡಿದಳು. ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಹೆಸರು ಕೇಳಲಿಲ್ಲೇನ ನೀವು? ಯಾವೂರು ಅಂತನಾದ್ರೂ ಕೇಳಬಾರ್ದಾಗಿತ್ತೇನ?” ಎಂದು ನಾನು ಕಿರುಚಿದೆ.

“ಸ್ವಾಮಿಗಳಿಗೆ ಊರು ಹೆಂಗ ಕೇಳೂದವ್ವಾ?” ಎಂದಳು. ಋಷಿಮೂಲ, ನದಿಮೂಲ ಕೇಳಬಾರದು ಎಂದು ನಾನೇ ತರಗತಿಯಲ್ಲಿ ಗಾದೆ ಬರೆಸುತ್ತೇನೆ.

ಅಂಗಿ ಹಾಕಿದ್ದರೆ ಅವನು ದಾರಿ ತಪ್ಪಿದ ಮುದುಕ. ಯಾರಾದರೂ ತಡೆದು, ಎಲ್ಲಿಗೆ ಹೊಂಟೀ ಅಜ್ಜಾ ಎಂದು ಕೇಳುತ್ತಿದ್ದರು. ಬರಿಮೈಗೆ ವಿಭೂತಿ ಇದ್ದದ್ದರಿಂದ ಯಾರೂ ತಡೆಯಲಿಲ್ಲ, ಎಲ್ಲರೂ ದಾರಿ ಬಿಟ್ಟುಕೊಟ್ಟರು. ನಮ್ಮ ಜನ ಎಷ್ಟು ಒಳ್ಳೆಯವರೆಂದರೆ, ಅವನ ಕಾಲು ಸುಡಬಾರದೆಂದು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಮುಂದಿನ ಊರಿಗೆ ಬಿಟ್ಟರು. ಆ ಊರಿನವರು ಹಾಲು ಕುಡಿಸಿ ಗಾಡಿ ಹತ್ತಿಸಿದರು. ಭಕ್ತಿಯಿಂದ ಅವನನ್ನು ನನ್ನಿಂದ ದೂರ ದೂರ ಸಾಗಿಸಿದರು. ಅವರ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಕೈ ಮುಗಿದು ನಿಂತವರನ್ನೆಲ್ಲ ದೂಡಿಬಿಡಬೇಕು ಅನ್ನಿಸುತ್ತಿತ್ತು.

ಈಗ ಫೋಟೋ ಒಳಗಿಟ್ಟು, ಸ್ವಾಮಿಗಳು ಬಂದಿದ್ರೇನು ಎಂದು ಕೇಳುತ್ತಾ ಹೋದೆವು. ಪ್ರತಿ ಊರಿನಲ್ಲೂ ಹೌದು ಎಂದರು. ಬಂದರು, ಹೋದರು. ಬಾಗಲವಾಡಕ್ಕೆ ಹೋಗಿ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಊರ ಬಾಯಲ್ಲೇ ಒಬ್ಬ ರೈತ, “ಹನುಮಪ್ಪನ ಕಟ್ಟಿ ಮ್ಯಾಲ ಅದಾರ ನೋಡ್ರಿ. ಹೆಣ್ಣ ಹುಡುಗರನ್ನ ಕರಕೊಂಡು ಬರಬೇಕಾಗಿತ್ತು ನೀವು,” ಎಂದ.

ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಅಪ್ಪನನ್ನು ಕೂರಿಸಿದ್ದರು. ಮುಂದೆ ಬಾಳೆಹಣ್ಣು, ತಟ್ಟೆಯಲ್ಲಿ ವಿಭೂತಿ. ಹೆಂಗಸರು ತಮ್ಮ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ್ದರು. ಅಪ್ಪ ಒಬ್ಬೊಬ್ಬಳ ಗದ್ದ ಹಿಡಿದು ಮುಖ ಮೇಲೆತ್ತಿ ನೋಡುತ್ತಿದ್ದ. ನೋಡಿ, ಎಡಗೈ ಅಡ್ಡ ಹಿಡಿದು ವಿಭೂತಿ ಹಚ್ಚಿ ಬಿಡುತ್ತಿದ್ದ. ಮುಂದಿನವಳ ಗದ್ದ ಹಿಡಿಯುತ್ತಿದ್ದ. ನನಗೊಬ್ಬಳಿಗೇ ಇದ್ದದ್ದು ಅದು. ಅವನು ಜೀವಂತ ಕೂತಿದ್ದಾನೆ ಎಂಬುದಕ್ಕಿಂತ ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಹಾಗಾಯಿತು ಎಂದು ಬರೆಯಲು ನಾಚಿಕೆಯಿಲ್ಲ.

“ಯಪ್ಪಾ,” ಎಂದು ನುಗ್ಗಿದೆ. ನಾಲ್ಕು ಜನ ಅಡ್ಡ ಬಂದರು.

“ಪಾಳಿ ಅದರೀ. ಹಿಂದ ನಿಂದರ್ರಿ.”

“ನಮ್ಮಪ್ಪರೀ ಅವ್ರು.”

“ಎಲ್ಲಾರಿಗೂ ಅಪ್ಪನರೀ ಅವ್ರು. ಪಾಳಿಗೆ ಬರ್ರಿ.”

ಪಾಳಿಗೆ ನಿಂತೆ. ಬೇರೆ ದಾರಿ ಇರಲಿಲ್ಲ. ಪಾವಡೆ ಹಾಕಿದ ಹುಡುಗಿಯರ ಹಿಂದೆ, ಚಹಾ ಚೆಲ್ಲಿದ ಸೀರೆಯಲ್ಲಿ, ನನ್ನ ಅಪ್ಪನ ದರ್ಶನಕ್ಕೆ ನಾನು ಸರದಿಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಮಂಡಿಯೂರಿ ಕೂತೆ. ಅಪ್ಪನ ತುಟಿ ಒಡೆದಿದ್ದವು, ಅಂಗಾಲು ಬೊಬ್ಬೆ ಬಂದು ಕಿತ್ತಿದ್ದವು. ಅವನು ನನ್ನ ಗದ್ದ ಹಿಡಿದು ಮುಖ ಎತ್ತಿ ನೋಡಿದ. ಕನ್ನಡಕ ದಾರಿಯಲ್ಲೆಲ್ಲೋ ಕಳೆದಿತ್ತು; ಬರಿಗಣ್ಣು ನನ್ನ ಮುಖದ ಮೇಲೆಲ್ಲ ಹುಡುಕಿತು. ಏನೂ ಸಿಗಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕೈ ತೆಗೆದು, “ಯಾವೂರಾತು ತಾಯಿ?” ಎಂದ. ಹೆತ್ತ ಅಪ್ಪ ಊರು ಕೇಳಿದಾಗ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ನಾನು ಅವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತೆ. ಹಿಂದಿನವರು ಅದನ್ನೂ ಭಕ್ತಿ ಎಂದುಕೊಂಡು ಕೈ ಮುಗಿದರು.

ಆಟೋದವನೇ ಮುಂದೆ ಬಂದ. ಚೀಲದಿಂದ ಅಂಗಿ ತೆಗೆದು ಕೊರಳಪಟ್ಟಿ ತಿರುವಿ, ಅಲ್ಲಿದ್ದ ನಂಬರಿಗೆ ಎಲ್ಲರೆದುರು ತನ್ನ ಫೋನಿನಿಂದ ರಿಂಗ್ ಕೊಟ್ಟ. ನನ್ನ ಕೈಯಲ್ಲಿ ಫೋನು ಬಡಿದುಕೊಂಡಿತು. “ನೋಡ್ರಿ, ಇದು ಅಜ್ಜಾರ ಅಂಗಿ. ಮೇಡಂ ಅವ್ರ ಮಗಳು,” ಎಂದ.

“ಅಂಗಿ ನಿಮ್ದು ಇರಬಹುದರೀ. ಅಜ್ಜಾರು ನಿಮ್ಮವರು ಅಂತ ಅಜ್ಜಾರ ಬಾಯಿಲೆ ಬರಲಿ,” ಎಂದ ಒಬ್ಬ ಹಿರಿಯ. ಕೆಟ್ಟವನಲ್ಲ. ಯಾರೋ ಬಂದು ಸ್ವಾಮಿಗಳನ್ನು ಕೇಳಿದರೆ ಕೊಟ್ಟು ಕಳಿಸಲು ಆಗುತ್ತದೆಯೇ? ಅವನು ಅಪ್ಪನ ಹತ್ತಿರ ಬಗ್ಗಿ, “ಯಪ್ಪಾ, ಈಕಿ ನಿಮ್ಮ ಮಗಳೇನ್ರಿ?” ಎಂದು ಕೇಳಿದ.

ಅಪ್ಪ ನನ್ನನ್ನು ಮತ್ತೊಮ್ಮೆ ನೋಡಿದ. “ಅಲ್ಲ,” ಎಂದ.

ಆ ಕ್ಷಣ ನನಗೆ ಎಲ್ಲ ಸಾಕೆನಿಸಿತು. ಅಪ್ಪ ಕಣ್ಣೆದುರಿಗೇ ಇದ್ದ, ಊರು ಅವನ ಮಾತು ನಂಬಿತ್ತು, ನನ್ನ ಮಾತಿಗೆ ಸಾಕ್ಷಿ ಎಂದರೆ ಒಂದು ಅಂಗಿ. ಪೊ‌ಲೀಸರನ್ನು ಕರೆಸಿ ಎಳೆದುಕೊಂಡು ಹೋಗಬಹುದಿತ್ತು. ಆದರೆ ಹೆದರಿ ಕೂಗುವ ಅಪ್ಪನನ್ನು ಜೀಪಿಗೆ ಹತ್ತಿಸುವುದನ್ನು ನಾನು ನೋಡಲಾರೆ. ನಾನು ಎದ್ದು ಕಣ್ಣೊರೆಸಿಕೊಂಡೆ. ಅವನಲ್ಲಿ ಉಳಿದದ್ದು ಒಂದೇ ಇತ್ತು, ಅದನ್ನೇ ಹಿಡಿದೆ.

“ಗುಡಿಗೆ ಹೋಗೂಣು ಬರ್ರಿ ಯಪ್ಪಾ. ಪೂಜಿ ಹೊತ್ತಾತು,” ಎಂದೆ.

ಅವನು ತಕ್ಷಣ ಎದ್ದ. ನನ್ನ ಕೈ ಹಿಡಿದುಕೊಂಡ. ಅಜ್ಜಾರು ತಾವಾಗಿಯೇ ಎದ್ದ ಮೇಲೆ ಊರಿನವರು ದಾರಿ ಬಿಟ್ಟರು. ಆಟೋದವರೆಗೂ ಬಂದು ಬಾಳೆಹಣ್ಣು ಕಟ್ಟಿಕೊಟ್ಟರು. ಒಳಗೆ ಕೂತ ಮೇಲೆ ಬನಿಯನ್, ಅಂಗಿ, ಟೋಪಿ ಹಾಕಿಸಿದೆ. ಗುಂಡಿ ನಾನೇ ಹಾಕಿದೆ.

ಆಟೋದವ ನಮ್ಮನ್ನು ರಾಯಚೂರಿನವರೆಗೂ ತಂದು ಬಿಟ್ಟ. ದಾರಿಯುದ್ದಕ್ಕೂ ಅಪ್ಪ ಹೊರಗೆ ತಲೆ ಹಾಕಿ ನೋಡುತ್ತಿದ್ದ. ಶಾಲೆ ಬಿಟ್ಟು ಹೋಗುವ ಹುಡುಗಿಯರು ಕಂಡರೆ ತಿರುಗಿ ತಿರುಗಿ ನೋಡುತ್ತಿದ್ದ. ಬೀಳುತ್ತಾನೆಂದು ನಾನು ಅವನ ಧೋತರದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಮನೆಯ ಮುಂದೆ ಇಳಿದಾಗ ದೀಪ ಹಚ್ಚುವ ಹೊತ್ತು. ನಾನು ಕೀಲಿ ತೆಗೆದೆ. ಅಪ್ಪ ಬಾಗಿಲ ಮುಂದೆ ನಿಂತು ಚೌಕಟ್ಟನ್ನು ಮೇಲೆ ಕೆಳಗೆ ನೋಡಿದ. ಆಮೇಲೆ ಅಂಗಿಯ ಗುಂಡಿ ಬಿಚ್ಚತೊಡಗಿದ.

ನಾನು ತಡೆಯಲಿಲ್ಲ. ಅಂಗಿ ಮಡಚಿ, ಅದರ ಮೇಲೆ ಬನಿಯನ್, ಅದರ ಮೇಲೆ ಟೋಪಿ ಇಟ್ಟು ನನ್ನ ಕೈಗೆ ಕೊಟ್ಟ. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗಾಲು ಒಳಗಿಟ್ಟ. ನಡುಮನೆಯಲ್ಲಿ ನಿಂತು ಸುತ್ತಲೂ ನೋಡಿದ.

“ಪೂಜಿ ಆತೇನ ತಾಯಿ?”

“ಆಗಿಲ್ಲ. ನೀ ಕುಂದ್ರು ಯಪ್ಪಾ.”

“ಕುಂದ್ರಾಕ ಹೊತ್ತಿಲ್ಲ. ನಾ ದೇವರಿಗೆ ಒಂದು ಕೇಳಾಕ ಬಂದೀನಿ.”

“ಏನು ಕೇಳಾಕ?”

“ನಮ್ಮ ಅವ್ವಿ ಕಳದಾಳ,” ಎಂದ. “ಹೆಣ್ಮಕ್ಕಳ ಪಾಳಿಗೆ ಹಚ್ಚಿದ್ರು ತಾಯಿ. ಹೊರಗ ಬರಲೇ ಇಲ್ಲ. ಹಾದ್ಯಾಗೆಲ್ಲ ನೋಡಿದೆ, ಊರೂರು ನೋಡಿದೆ. ಒಬ್ಬಾಕಿನೂ ಅಕಿ ಅಲ್ಲ. ಕತ್ತಲಾದ್ರ ಅಂಜತಾಳ ಅಕಿ.”

“ಎಷ್ಟು ದೊಡ್ಡಾಕಿ?” ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು.

ಅವನು ತನ್ನ ಸೊಂಟದ ಎತ್ತರಕ್ಕೆ ಅಂಗೈ ಹಿಡಿದು ತೋರಿಸಿದ.

ಆಗ ಚಪ್ಪಲಿ ಕಾಯುವ ಮುದುಕಿಯ ಮಾತು ನೆನಪಾಯಿತು. ಸಣ್ಣ ಹುಡುಗಿ ಬಂದಳೇನು ಎಂದು ಅವನು ಕೇಳಿದ್ದು ನನ್ನ ಬಗ್ಗೆಯೇ. ಅವರು ಬೇರೆ ಯಾರೋ ಎಂದು ನಾನು ಹೊಳೆಗೆ ಓಡಿದೆ, ಅವನು ಬರಿಗಾಲಲ್ಲಿ ರಸ್ತೆ ಹಿಡಿದ. ಆಶೀರ್ವಾದ ಎಂದು ಊರೂರಿನ ಹೆಂಗಸರು ತಿಳಿದದ್ದು ಆಶೀರ್ವಾದವಾಗಿರಲಿಲ್ಲ. ಇವಳು ನನ್ನ ಮಗಳೇ ಎಂದು ಒಂದೊಂದು ಮುಖವನ್ನು ನೋಡಿ, ಅಲ್ಲ ಎಂದು ಬಿಡುತ್ತಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ನಾವು ಗಾದೆ ಹೇಳಿ ನಗುತ್ತೇವೆ. ನನ್ನ ಬಾಯಲ್ಲಿ ಆ ಗಾದೆ ಇನ್ನು ಬರುವುದಿಲ್ಲ.

“ಸಿಗತಾಳ ಯಪ್ಪಾ,” ಎಂದೆ. “ಗುಡಿಗೆ ಬಂದವರು ಒಂದು ಗಳಿಗಿ ಕುಂತು ಏಳಬೇಕಲ್ಲ. ಕುಂದ್ರು. ಅಷ್ಟರಾಗ ಬರ್ತಾಳ.”

ಪದ್ಧತಿಯ ಮಾತು ಬಂದ ಮೇಲೆ ಅವನು ಎದುರಾಡಲಿಲ್ಲ. ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ನಾನು ಬಾಗಿಲಿಗೆ ಒಳಗಿನಿಂದ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿಗೆ ಗಂಟು ಕಟ್ಟಿಕೊಂಡೆ. ಬಿಸಿನೀರು ತಂದು ಅವನ ಕಾಲ ಹುಣ್ಣು ತೊಳೆಯಲು ಕೂತೆ. ಅವನು ನನ್ನ ತಲೆಯ ಮೇಲಿಂದ ಬಾಗಿಲ ಕಡೆಯೇ ನೋಡುತ್ತಿದ್ದ. ಒಂದು ಗಳಿಗೆಯಾದ ಮೇಲೆ, “ಬಂದಳೇನ?” ಎಂದು ಕೇಳಿದ.